ಕಳಸದ ಹೊಗೆ

"ಕಟ್ಕಂಡ ಗಂಡುನ್ನೇ ತಿಂದ್ಕಂಡ್ಯಲ್ಲೇ, ಮುಂಡೆ!"

ಪಟೇಲ ನಂಜಪ್ಪ ಚಾವಡಿ ಮೇಲಿಂದ ಉಗಿದ. ಕೆಳಗೆ ಧೂಳಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಮಾಯಮ್ಮ ಮುಖ ಒರೆಸಿಕೊಳ್ಳಲಿಲ್ಲ. ಒರೆಸೋಣವೆಂದರೆ ನಡುಗುವ ಕೈ ಹೇಳಿದ ಮಾತು ಕೇಳುತ್ತಿರಲಿಲ್ಲ.

ಹೊಳೇನರಸೀಪುರದಿಂದ ಪೇದೆಯೊಡನೆ ಬಂದಿದ್ದ ಇನ್ಸ್‌ಪೆಕ್ಟರು ಬೆಂಗಳೂರಿನ ಪರೀಕ್ಷೆಯ ಕಾಗದ ಬಿಚ್ಚಿದರು. ಅವಳ ಸತ್ತ ಗಂಡ ಬೈರಯ್ಯನ ಹೊಟ್ಟೆ ಕೊಯ್ದು ತೆಗೆದ ಈಲಿಯ ತುಂಡನ್ನು ಆಮ್ಲದಲ್ಲಿ ಕುದಿಸಿ, ತಾಮ್ರದ ತಗಡು ಇಳಿಬಿಟ್ಟರಂತೆ. ಕೆಂಪು ತಗಡು ಬೆಳ್ಳಿಯ ಹಾಗೆ ಬೆಳ್ಳಗಾಯಿತಂತೆ. ಅದನ್ನು ಗಾಜಿನ ಕೊಳವೆಯಲ್ಲಿ ಕಾಸಿದರೆ ಸಾಸಿವೆಗಿಂತ ಸಣ್ಣ ಹನಿಗಳು ಕಂಡವಂತೆ.

"ಪಾದರಸ. ಹಿಟ್ಟಿನಲ್ಲಿ ಕಲಸಿ ಹಾಕಿದ್ದೀಯ. ಎಲ್ಲಿಂದ ತಂದೆ?"

ತರುವುದೇನು ಬಂತು, ಮಣ್ಣು! ಗುಡಿಯ ತಾಮ್ರದ ಕಳಸಕ್ಕೆ ಅಕ್ಕಸಾಲಿ ಚಿನ್ನವನ್ನು ಪಾದರಸದಲ್ಲಿ ಅರೆದು ಬಳಿದಿದ್ದ. ಕೆಂಡದ ಮೇಲೆ ಕಾಸಿದರೆ ಪಾದರಸ ಹೊಗೆಯಾಗಿ ಹೋಗಿ ಚಿನ್ನ ಉಳಿಯುತ್ತದೆ. ಆ ವಿಷದ ಹೊಗೆಗೆ ಮೂಗು ಕೊಡಲು ಅಕ್ಕಸಾಲಿಯ ಮಕ್ಕಳೇ ಒಪ್ಪಲಿಲ್ಲ. ಪಟೇಲ ಜೀತದ ಗಂಡ ಹೆಂಡಿರನ್ನು ಕೊಟ್ಟಿಗೆಗೆ ದೂಡಿದ. ಹೊಲಗೇರಿಯ ಕೈ ಕಳಸಕ್ಕೆ ತಾಗಿದ್ದು ಊರಿಗೆ ತಿಳಿಯಬಾರದೆಂದು ಕದ ಹಾಕಿಸಿದ. ಬೈರಯ್ಯ ಕೆಂಡಕ್ಕೆ ಗಾಳಿಯೂದುವ ತಿದಿ ಒತ್ತಿದ, ಮಾಯಮ್ಮ ಕಳಸ ಹೊರಳಿಸಿದಳು. ಹೊಗೆ ಹೊಕ್ಕು ಇವಳ ಕೈಗೆ ನಡುಕ ಹತ್ತಿತು, ಒಸಡು ಕೊಳೆಯಿತು. ಬೈರಯ್ಯ ಸತ್ತಾಗ ಕೇರಿಯಲ್ಲಿ ಎದ್ದ ಗುಸುಗುಸು ಅಡಗಿಸಲು ಪಟೇಲನೇ ಇವಳ ಮೇಲೆ ದೂರು ಕೊಟ್ಟ.

"ಬುದ್ಧೀ, ನನ್ ಗಂಡ ತಿದಿ ಒತ್ತುದ್ದ ಅಂತ ಒಂದ್ ಮಾತೇಳಿ. ನೇಣಿಂದ ನನ್ ಕತ್ತು ಉಳೀತದೆ."

"ಯಾವ ತಿದೀನೇ? ನಾಲ್ಗೆ ಸೀಳ್ಬುಟ್ಟೇನು!" ಪಟೇಲ ಗದರಿದ.

ಮಡಿಬಟ್ಟೆ ಹಾಸಿ ಇಟ್ಟಿದ್ದ ಕಳಸದ ಪಕ್ಕದಿಂದ ಪೂಜಾರಿ ಪಾಲಾಕ್ಷಯ್ಯ ಬಾಯಿ ಹಾಕಿದ: "ನಾಳೆ ಗೋಪುರ ಏರೋ ಕಳಸ ಸ್ವಾಮಿ. ಇವ್ರು ಮುಟ್ಟಿದ್ರೆ ಏರ್ಸೋಕಾಯ್ತದಾ? ಅಕ್ಕಸಾಲಿ ಹತ್ರ ಕದ್ದವ್ಳೆ, ಬುಡಿ."

ಮಾಯಮ್ಮ ಎದ್ದಳು. ಬಾಯಿಗೆ ಬೆರಳು ಹಾಕಿ, ಕೊಳೆತ ಒಸಡಿನಲ್ಲಿ ಜೋಲುತ್ತಿದ್ದ ಹಲ್ಲನ್ನು ಕಿತ್ತು, ರಕ್ತದ ಸಮೇತ ಕಳಸದ ಮೇಲೆ ಎಸೆದಳು. ಠಣ್ಣೆಂದಿತು.

"ಇದುನ್ನೂ ಕುದ್ಸಿ ನೋಡ್ರೋ, ಬೋಳಿಮಕ್ಳ! ಅವುನ್ಗೆ ವಿಸ ನಾನಿಕ್ದೆ ಅಂತೀರಲ್ಲ, ನಂಗ್ ಯಾವನ್ಲಾ ಇಕ್ದೋನು?"

ಪಟೇಲ ಚಾವಡಿಯಿಂದ ಹಾರಿ ಅವಳ ಪಕ್ಕೆಗೆ ಒದ್ದ. ಹಲ್ಲು ಉರುಳಿ ಮಡಿಬಟ್ಟೆಯ ಮೇಲೆ ನಿಂತಿತು, ಸುತ್ತ ಕೆಂಪು ಹರಡಿತು.

"ಆ ಹಲ್ಲನ್ನು ತೆಗೆಯಿರಿ," ಅಂದರು ಇನ್ಸ್‌ಪೆಕ್ಟರು.

ಪಟೇಲ ಪೂಜಾರಿಯ ಮುಖ ನೋಡಿದ, ಪೂಜಾರಿ ಪೇದೆಯ ಮುಖ ನೋಡಿದ. ಮೈಲಿಗೆಗೆ ಹೆದರಿ ಯಾರೂ ಬಗ್ಗಲಿಲ್ಲ.

"ಏಯ್ ಮಾಯಿ," ಪಟೇಲನ ದನಿ ಇಳಿದಿತ್ತು, "ಎತ್ಕಳ್ಳೇ."

ಮಾಯಮ್ಮ ನಡುಗುವ ಕೈಗಳನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡಳು.

"ನೀನೇ ಎತ್ಕಳ್ಲಾ."