ಊರಿನ ಕಂಬದಲ್ಲಿ ಅಣ್ಣ

ಪರದೆಯ ಮೇಲೆ ಒಂದು ಸುಕ್ಕು, ಲೆಕ್ಕದ ಚಿತ್ರದ ಕೆಂಪು ಕಂಬ ಸರಿಯಾಗಿ ಅಲ್ಲೇ ಸೊಟ್ಟಗಾಗಿದೆ, ನೀಲಿ ಕಂಬ ಗಿಡ್ಡ, ಅದಕ್ಕೆ ಸುಕ್ಕಿನ ಕಾಟವಿಲ್ಲ, ನೀಲಿ ಎಂದರೆ ನೂಲಿನ ಗಿರಣಿಯ ಕೆಲಸಗಾರರು, ಕೆಂಪು ಎಂದರೆ ಊರಿನವರು, ದಮ್ಮು ಗಿರಣಿಯಲ್ಲಿ ನೂರಕ್ಕೆ ಎಂಟು ಜನಕ್ಕೆ, ಊರಲ್ಲಿ ಹದಿಮೂರು ಜನಕ್ಕೆ, ದೊಡ್ಡ ಡಾಕ್ಟರು ಕೋಲಿನಿಂದ ಕೆಂಪು ಕಂಬದ ನೆತ್ತಿ ಮುಟ್ಟುತ್ತಿದ್ದಾರೆ, ನೋಡಿ, ದಿನಾ ಹತ್ತಿ ಧೂಳು ಕುಡಿಯೋರೇ ಊರಿನವರಿಗಿಂತ ಗಟ್ಟಿಯಾಗಿದಾರೆ, ಮುಂದಿನ ಸಾಲಿನಲ್ಲಿ ಗಿರಣಿಯ ಮ್ಯಾನೇಜರ್ ತಲೆಯಾಡಿಸುತ್ತಾನೆ, ಆಡಿಸದೆ ಏನು ಮಾಡುತ್ತಾನೆ, ರೋಗಿ ಬಯಸಿದ್ದನ್ನೇ ವೈದ್ಯ ಬರೆದುಕೊಟ್ಟಿದ್ದಾನೆ — ಗಟ್ಟಿಯಂತೆ ಗಟ್ಟಿ, ಗಟ್ಟಿಯಿಲ್ಲದವರೆಲ್ಲ ಕೆಲಸ ಬಿಟ್ಟು ಮನೆ ಸೇರಿದ್ದರಲ್ಲ, ಪಾಳಿಗೆ ಬಂದವರನ್ನಷ್ಟೇ ನಿಲ್ಲಿಸಿ ಕೊಳವೆ ಊದಿಸಿದರೆ ಉಸಿರಿದ್ದವರೇ ಸಿಗುತ್ತಾರೆ, ಇಷ್ಟು ತಿಳಿಯುವುದಕ್ಕೆ ಗೋಡೆ ತುಂಬ ಪದವಿ ತೂಗುಹಾಕಬೇಕೆ, ಎಂದು ಕೊನೆಯ ಸಾಲಿನಲ್ಲಿ ಕೂತ ಅವಳು ತನ್ನೊಳಗೇ ಗೊಣಗುತ್ತಾಳೆ, ಆ ಉಸಿರುಗಳನ್ನೆಲ್ಲ ಗಿರಣಿಯೊಳಗೆ ನಿಂತು, ಊರಲ್ಲಿ ಮನೆ ಮನೆ ಸುತ್ತಿ ಅಳೆದು ತಂದವಳು ಅವಳೇ, ತೊಡೆಯ ಮೇಲಿನ ಚೀಲದಲ್ಲಿ ಊದುವ ಕೊಳವೆ ಈಗಲೂ ಇದೆ, ಬೆಳಿಗ್ಗೆ ಹೊರಡುವಾಗ ಅಣ್ಣ ಮೂರು ದಿಂಬಿಗೆ ಒರಗಿಕೊಂಡೇ ಕೇಳಿದ್ದ, ಅದೇನೋ ಇವತ್ತು ತೀರ್ಮಾನ ಆಗತ್ತಂತಲ್ಲ ಪುಟ್ಟಿ, ಗಿರಣಿಯೋರು ನಮಗೆ ಕೊಡೋ ಔಷಧಿ ಮುಂದುವರಿಸ್ತಾರಂತಾ, ಮುಂದುವರಿಸ್ತಾರೆ ಬಿಡು ಅಂದಳು, ಅಂದ ನಾಲಿಗೆಗೆ ಒಂದಿಷ್ಟಾದರೂ ನಾಚಿಕೆ ಬೇಡವೆ, ಆ ಔಷಧಿಯ ಡಬ್ಬಿ ಬಾಯಿಗಿಟ್ಟು ಒತ್ತದಿದ್ದರೆ ಅವನಿಗೆ ಬಚ್ಚಲಿನವರೆಗೆ ನಡೆಯುವುದೂ ಆಗದು.

ಊರಲ್ಲಿ ಅಳೆಯುವಾಗ ಹತ್ತು ಮನೆಗೊಂದು ಮನೆ ಎಂಬುದು ನಿಯಮ, ಹಾಗೆ ಎಣಿಸುತ್ತ ಹೋದರೆ ಕೊನೆಯ ದಿನದ ಕೊನೆಯ ಮನೆ ಅವಳದೇ, ದೊಡ್ಡ ಡಾಕ್ಟರನ್ನು ಕೇಳಿದಳು, ಸರ್ ನಮ್ಮನೇನೇ ಬಂದಿದೆ ಬಿಟ್ಬಿಡ್ಲಾ, ನಿಯಮ ಅಂದ್ರೆ ನಿಯಮ ಕಣಮ್ಮ, ಸರಿ, ತನ್ನ ಮನೆಯ ಬಾಗಿಲನ್ನು ತಾನೇ ತಟ್ಟಿದಳು, ಈಗ ಗಿರಣಿಯಲ್ಲಿ ಕೆಲಸ ಮಾಡ್ತಿದ್ದೀರಾ, ಅಣ್ಣನಿಗೆ ನಗು ತಡೆಯಲಿಲ್ಲ, ನಗು ಕೆಮ್ಮಾಯಿತು, ಇದೇನೇ ಇಷ್ಟೊಂದು ಮರ್ಯಾದೆ, ಈಗ ಇಲ್ಲ ಅಂತ ಬರ್ಕೋ, ಹೋದ ವರ್ಷದವರೆಗೂ ಇದ್ದೆ ಅಂತಾನೂ ಬರ್ಕೋ, ಗಿರಣಿಯ ಅರ್ಧ ಹತ್ತಿ ನನ್ನ ಎದೇಲೇ ಇದೆ, ಬೇಕಾದ್ರೆ ಒಂದು ದಿಂಬು ತುಂಬಿಸ್ಕೋ — ಪ್ರಶ್ನೆಯ ಹಾಳೆಯಲ್ಲಿ ಹೋದ ವರ್ಷಕ್ಕೆ ಜಾಗವಿರಲಿಲ್ಲ, ಹೌದು ಅಥವಾ ಇಲ್ಲ, ಇಲ್ಲ ಎಂದರೆ ಊರಿನವನು, ಅಷ್ಟೇ, ಇಪ್ಪತ್ತು ವರ್ಷ ನೂಲು ತೆಗೆದ ಅಣ್ಣ ಒಂದು ಗೀಟಿನಲ್ಲಿ ಊರಿನವನಾಗಿ ಕೆಂಪು ಕಂಬಕ್ಕೆ ಹೋದ, ಊದಣ್ಣ, ಜೋರಾಗಿ, ಊದಿದ, ಕತ್ತಿನ ನರ ಹಗ್ಗವಾಯಿತು, ಕೊಳವೆಯ ಮುಳ್ಳು ತಳದಿಂದ ಒಂದು ಬೆರಳಿನಷ್ಟು ಸರಿದು ನಿಂತಿತು, ಉಸಿರು ಎಲ್ಲಿಗೆ ತಳ್ಳುತ್ತದೋ ಅಲ್ಲೇ ನಿಲ್ಲುವ ಮುಳ್ಳು ಅದು, ನಾವೇ ಬೆರಳಿನಿಂದ ಕೆಳಗೆ ನೂಕಬೇಕು, ಪಾಸಾ ಪುಟ್ಟಿ, ಪಾಸು ಅಣ್ಣ.

ಅವನೊಬ್ಬನೇ ಆಗಿದ್ದರೆ ನುಂಗಿಕೊಳ್ಳಬಹುದಿತ್ತು, ಅವನಂಥವರು ಬೀದಿಗೊಬ್ಬರು, ದೊಡ್ಡ ಡಾಕ್ಟರ ಕೋಣೆಗೆ ಹೋಗಿ ಬಾಯಿಬಿಟ್ಟು ಹೇಳಿದಳು, ಸರ್, ಬಿಟ್ಟುಹೋದವರೆಲ್ಲ ಊರಿನ ಲೆಕ್ಕಕ್ಕೆ ಸೇರಿದಾರೆ, ಗಿರಣಿಯ ಕಾಯಿಲೆ ಊರಿನ ತಲೆಗೆ ಬಿದ್ದಿದೆ, ಅವರು ಕನ್ನಡಕ ಒರೆಸುತ್ತಲೇ, ಇದು ಕ್ರಾಸ್ ಸೆಕ್ಷನಲ್ ಸ್ಟಡಿ ಕಣಮ್ಮ, ಫೋಟೋ ಹೊಡೆದ ಹಾಗೆ, ಆ ಹೊತ್ತಿಗೆ ಯಾರು ಎಲ್ಲಿ ನಿಂತಿದ್ರೋ ಅಲ್ಲೇ ಬರ್ತಾರೆ, ಮುಂಚೆ ಎಲ್ಲಿದ್ರು ಅಂತ ಫೋಟೋನ ಕೇಳೋಕಾಗತ್ತಾ, ಕೊನೇಲಿ ಮಿತಿಗಳು ಅಂತ ಒಂದು ಸಾಲು ಹಾಕೋಣ ಬಿಡು — ಹಾಕಿದ್ದಾರೆ, ಮಾತಿಗೆ ತಪ್ಪುವವರಲ್ಲ, ಈಗಷ್ಟೇ ಆ ಸಾಲು ಪರದೆಗೆ ಬಂತು, ಇರುವೆಯಷ್ಟು ಅಕ್ಷರ, ಓದುವಷ್ಟರಲ್ಲಿ ಧನ್ಯವಾದಗಳು ಎಂಬ ಹೂವಿನ ಚಿತ್ರ, ಮ್ಯಾನೇಜರ್ ಎದ್ದ, ಗಂಟಲು ಸರಿಮಾಡಿಕೊಂಡ, ಅವನಿಗೇನು, ಗಂಟಲು ಸರಿಯಾಗುತ್ತದೆ, ಡಾಕ್ಟರು ನಮ್ಮ ಕಣ್ಣು ತೆರೆಸಿದರು, ಇದು ಗಿರಣಿಯಿಂದ ಬಂದ ಕಾಯಿಲೆ ಅಲ್ಲ ಅಂತ ಆಯ್ತು, ಹಾಗಾಗಿ ಬಿಟ್ಟುಹೋದವರಿಗೆ ಕೊಡ್ತಿದ್ದ ಔಷಧಿ ಮುಂದಿನ ತಿಂಗಳಿಂದ ನಿಲ್ಲಿಸ್ತೀವಿ, ಯಾರೂ ತಪ್ಪು ತಿಳ್ಕೋಬಾರದು.

ಅವಳು ಎದ್ದು ನಿಂತಿದ್ದಾಳೆ, ಯಾವಾಗ ಎದ್ದಳೋ ಅವಳಿಗೇ ತಿಳಿಯದು, ಏನಮ್ಮ ಪ್ರಶ್ನೆ ಇದೆಯಾ, ಡಾಕ್ಟರು ಕೇಳಿದರು, ಸರ್, ಆ ಕೆಂಪು ಕಂಬದಲ್ಲಿ ನಮ್ಮಣ್ಣ ಇದಾನೆ, ಗಿರಣಿ ಬಿಟ್ಟವರನ್ನೆಲ್ಲ ಅಲ್ಲಿಂದ ತೆಗೆದು ನೀಲಿಗೆ ಹಾಕಿ ಇನ್ನೊಂದ್ಸಲ ತೋರಿಸಿ, ಕುರ್ಚಿಗಳು ಕಿರುಗುಟ್ಟಿದವು, ಮನೆ ವಿಷಯ ಆಮೇಲೆ ಮಾತಾಡೋಣಮ್ಮ, ಕೂತ್ಕೋ, ಚಪ್ಪಾಳೆ, ಕೂತಳು, ಕೂರದೆ ಎಲ್ಲಿಗೆ ಹೋಗುವುದು, ಮನೆಗೆ ಹೋಗಬೇಕು, ಏನಂದ್ರು ಪುಟ್ಟಿ ಅಂತಾನೆ, ನಿನ್ನ ಉಸಿರನ್ನೇ ತೋರಿಸಿ ನಿನ್ನ ಔಷಧಿ ಕಿತ್ತುಕೊಂಡರು ಅಣ್ಣ, ಊದಿಸಿದ್ದು ನಾನು, ಹೇಗೆ ಹೇಳುವುದು, ಪಾಸು ಅಂದಿದ್ದೆನಲ್ಲ, ಕೈ ಚೀಲದೊಳಗೆ ಹೋಗಿದೆ, ಕೊಳವೆ ತಣ್ಣಗಿದೆ, ಅಣ್ಣ ಊದಿದ ಮೇಲೆ ಅದನ್ನು ಯಾರೂ ಊದಿಲ್ಲ, ತೊಳೆಯಬೇಕಿತ್ತು, ಮುಳ್ಳನ್ನು ಕೆಳಗೆ ನೂಕಬೇಕಿತ್ತು, ನೂಕಿಲ್ಲ, ಈಗ ಹೆಬ್ಬೆರಳು ಅದರ ಮೇಲೇ ಇದೆ, ಒತ್ತಿದರೆ ಸಾಕು — ಮುಳ್ಳು, ತಳದಿಂದ ಒಂದು ಬೆರಳು, ಅಲ್ಲೇ, ಅವನು ತಳ್ಳಿದಲ್ಲೇ, ಮುಳ್ಳು.