ಇನ್ನೊಂದು ಹಿಡಿ ಕಬ್ಬಿಣ

ಸಂಗ್ರಹಾಲಯದಿಂದ ಬಂದ ಹೆಂಗಸು ಒಳಕೋಣೆಯ ಮೇಜಿನ ಮೇಲೆ ಮೊದಲು ಬಿಳಿ ಕಾಗದ ಹಾಸಿದಳು. ಆಮೇಲೆ ನಿದ್ದೆಯಲ್ಲಿರುವ ಕೂಸನ್ನು ಎತ್ತುವ ಹಾಗೆ ಮೊದಲನೆಯ ಚಿತ್ರದ ಸುರುಳಿಯನ್ನು ಎರಡೂ ಕೈಯಲ್ಲಿ ಎತ್ತಿ, ಕಾಗದದ ಮೇಲಿಟ್ಟು ಬಿಚ್ಚತೊಡಗಿದಳು. ಒಂದು ಗೇಣು ಬಿಚ್ಚುವಷ್ಟರಲ್ಲಿ ಕರಿಮೆಣಸು ಕುಟ್ಟಿ ಚೆಲ್ಲಿದಂತೆ ಪುಡಿ ಬಿತ್ತು. ಎರಡನೆಯ ಗೇಣಿಗೆ ಪುಡಿಯ ಜೊತೆ ಉಗುರಿನಷ್ಟು ದೊಡ್ಡ ಚೂರುಗಳೂ ಬಿದ್ದವು. ಆಕೆ ಕೈ ನಿಲ್ಲಿಸಿದಳು.

"ಈ ಕಪ್ಪು ಬಣ್ಣ ಮಾಡಿದ್ದು ಯಾರು?"

ಗೋಡೆಗೆ ಅಂಟಿಕೊಂಡಂತೆ ನಿಂತಿದ್ದ ಮೆಲ್ಲಿ ತನ್ನ ಎದೆಯ ಮೇಲೆ ಬೆರಳಿಟ್ಟು ತೋರಿಸಿದಳು.

ಮೆಲ್ಲಿ ಎಂಬುದು ಸೋದರಮಾವ ಇಟ್ಟ ಹೆಸರು. ಮೆಲ್ಲಗೆ ನಡೆಯುತ್ತಾಳೆ, ಮೆಲ್ಲಗೆ ಮಾತಾಡುತ್ತಾಳೆ, ಮೆಲ್ಲಗೆ ಉಂಡು ಎದ್ದರೆ ಪಂಕ್ತಿಯಲ್ಲಿ ಪಕ್ಕದವರಿಗೂ ತಿಳಿಯುವುದಿಲ್ಲ ಎಂದು. ತರಗತಿಯಲ್ಲಿ ಹಾಜರಿ ಕೂಗಿದಾಗ ಅವಳ ದನಿ ಮೇಷ್ಟರ ಕಿವಿ ಮುಟ್ಟದೆ, ಎಷ್ಟೋ ದಿನ ಬೆಂಚಿನ ಮೇಲೆ ಕೂತಿದ್ದೂ ಗೈರುಹಾಜರಾಗಿದ್ದಳು. ಹದಿಮೂರಕ್ಕೆ ಶಾಲೆ ಬಿಟ್ಟಾಗ ದೊಡ್ಡಮ್ಮ, "ಬಿಡು, ಬಣ್ಣಕ್ಕೆ ಬಾಯಿ ಬೇಕಿಲ್ಲ, ಕಣ್ಣಿದ್ದರೆ ಸಾಕು" ಎಂದು ಕರೆತಂದು ಒಲೆಯ ಮುಂದೆ ಕೂರಿಸಿದ್ದಳು. ಅದಾಗಿ ಹನ್ನೊಂದು ವರ್ಷ.

ಮನೆಯಲ್ಲಿ ಇರುವವರು ಮೂವರೇ. ದೊಡ್ಡಮ್ಮನ ತಮ್ಮ, ಅಂದರೆ ಮೆಲ್ಲಿಯ ಮಾವ, ಮರದ ಒಳತೊಗಟೆಯನ್ನು ಸುಲಿದು ನೆನೆಹಾಕಿ, ಗೀರು ಗೀರಾದ ಕೊಡತಿಯಿಂದ ಬಡಿಯುತ್ತಾನೆ. ನಾಲ್ಕು ಬೆರಳು ಅಗಲದ ತೊಗಟೆ ಬಡಿದಷ್ಟೂ ಹಿಗ್ಗಿ, ಕಡೆಗೆ ಹಾಸಿಗೆಯಷ್ಟು ಅಗಲದ ನಾರುಬಟ್ಟೆಯಾಗುತ್ತದೆ. ಬೇರಿನಿಂದ ಕೆಂಪು, ಮರದ ಚಕ್ಕೆಯಿಂದ ಹಳದಿ, ಒಗರುಕಾಯಿ ಮತ್ತು ತುಕ್ಕಿನ ನೀರಿನಿಂದ ಕಪ್ಪು: ಇಷ್ಟು ಮೆಲ್ಲಿಯ ಪಾಲು. ಚಿತ್ರ ದೊಡ್ಡಮ್ಮನದು. ಅವಳ ಚಿತ್ರದಲ್ಲಿ ಗಿಡವಿಲ್ಲ, ಹಕ್ಕಿಯಿಲ್ಲ, ಮನುಷ್ಯರಿಲ್ಲ. ಒಂದು ಹಳದಿ ಹರವು, ಅದರ ಅಂಚಿನಲ್ಲಿ ನಡುಗುತ್ತಾ ಇಳಿಯುವ ಒಂದು ಕೆಂಪು, ಅವೆರಡರ ಮೇಲೆ ನಡೆದು ಬರುವ ಕಪ್ಪು, ಅಷ್ಟೆ.

"ಅಕ್ಕ, ಇದರ ತಲೆ ಯಾವುದು ಕಾಲು ಯಾವುದು ಅಂತ ಹಿಂದುಗಡೆ ಬರೆದಿಡೇ, ನೇತು ಹಾಕುವಾಗ ನನಗೆ ಬೈಗುಳ ತಪ್ಪುತ್ತೆ" ಎನ್ನುತ್ತಿದ್ದ ಮಾವ.

"ನಿನಗೆ ತಲೆ ಯಾವ ಕಡೆಗಿದೆ ಅಂತ ಗೊತ್ತಾಗೋಕೆ ಟೋಪಿ ಹಾಕಿದೀವಲ್ಲ, ಇದಕ್ಕೂ ಒಂದು ಹಾಕೋಣ ಬಿಡು" ಎನ್ನುತ್ತಿದ್ದಳು ದೊಡ್ಡಮ್ಮ.

ಈಗ ಅವಳಿಗೆ ಎರಡು ಕಣ್ಣೂ ಕಾಣುವುದಿಲ್ಲ. ಕೊನೆಯ ಒಂಬತ್ತು ಚಿತ್ರ ಮುಗಿಯುವ ಹೊತ್ತಿಗೆ ದೀಪವೊಂದು ಮಸುಕಾಗುತ್ತಾ ಬಂದು ಆರಿಹೋದ ಹಾಗೆ ಕಣ್ಣುಗಳು ಆರಿದವು. ಎರಡು ವರ್ಷದ ಹಿಂದೆ ಸಂಗ್ರಹಾಲಯದವರು ಬಂದು ಆ ಒಂಬತ್ತರ ಫೋಟೋ ತೆಗೆದುಕೊಂಡು ಹೋಗಿದ್ದರು. ಈಗ ಒಂಬತ್ತನ್ನೂ ತೆಗೆದುಕೊಂಡು ಒಂದೇ ಕೋಣೆಯಲ್ಲಿ, ಅದಕ್ಕೆಂದೇ ಕಟ್ಟಿದ ಕೋಣೆಯಲ್ಲಿ, ಶಾಶ್ವತವಾಗಿ ಇಡುತ್ತೇವೆಂದು ಕಾಗದ ಬಂದಿತ್ತು. ಮೆಲ್ಲಿ ಅದನ್ನು ದೊಡ್ಡಮ್ಮನಿಗೆ ಎಷ್ಟು ಸಲ ಓದಿ ಹೇಳಿದ್ದಳೋ ಲೆಕ್ಕವಿಲ್ಲ. ಕಾಗದದ ಮಡಿಕೆ ಹರಿದೇಹೋಗಿತ್ತು. ಇವತ್ತು ಬೆಳಗ್ಗೆಯಿಂದ ದೊಡ್ಡಮ್ಮ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ತಲೆ ಬಾಚಿಸಿಕೊಂಡು, ಮುಂದಿನ ಕೋಣೆಯ ಕುರ್ಚಿಯಲ್ಲಿ ಕೂತಿದ್ದಾಳೆ.

ಸಂಗ್ರಹಾಲಯದ ಈ ದುರಸ್ತಿಯಾಕೆ (ಹಳೆಯ ಬಟ್ಟೆ ಸರಿಮಾಡುವುದೇ ಆಕೆಯ ಉದ್ಯೋಗ) ಒಂಬತ್ತನ್ನೂ ಒಂದೊಂದು ಗೇಣು ಬಿಚ್ಚಿ ನೋಡಿದಳು. ಹಳದಿ, ಕೆಂಪು ಇದ್ದಲ್ಲಿ ನಾರು ಗಟ್ಟಿಯಾಗಿ, ತೊಗಲಿನ ಹಾಗೆ ಬಾಗುತ್ತಿತ್ತು. ಕಪ್ಪು ಇದ್ದಲ್ಲಿ ಸುಟ್ಟ ಕಾಗದ.

"ಕಬ್ಬಿಣ ಎಷ್ಟು ಹಾಕ್ತಿದ್ರಿ?"

ಮೆಲ್ಲಿ ಒಂದು ಬೆರಳೆತ್ತಿದಳು. "ಮಡಕೆಗೆ ಒಂದು ಹಿಡಿ."

"ಒಂದು ಹಿಡಿಗೆ ಹೀಗಾಗಲ್ಲ. ಒಂದು ಹಿಡಿಯ ಕಪ್ಪು ನಮ್ಮನ್ನೆಲ್ಲ ಮಣ್ಣು ಮಾಡಿ ಆಮೇಲೂ ಇರುತ್ತೆ." ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಮೆಲ್ಲಿಗೆ ತಡೆದುಕೊಳ್ಳಲಾಗಲಿಲ್ಲ. ಎತ್ತಿದ ಬೆರಳಿನ ಪಕ್ಕ ಇನ್ನೊಂದು ಎದ್ದಿತು. ಮತ್ತೊಂದು. ಒಂದು ಕೈಯ ಬೆರಳುಗಳು ಮುಗಿದು ಇನ್ನೊಂದು ಕೈಯ ಎರಡು ಬೆರಳು ಎದ್ದು ನಿಂತವು.

ಏಳು ಹಿಡಿ. ಒಂದೇ ದಿನ ಏಳಕ್ಕೆ ಏರಿದ್ದಲ್ಲ. ಒಂದು ದಿನ ದೊಡ್ಡಮ್ಮ ಹೊಸ ಕಪ್ಪನ್ನು ಬಟ್ಟೆಯ ಮೇಲೆ ಎಳೆದು, ತಲೆ ಓರೆ ಮಾಡಿ ನೋಡಿ, "ಇದೇನೇ, ಬೂದಿ ಬಣ್ಣ. ಸಾಲದು" ಎಂದಿದ್ದಳು. ಮೆಲ್ಲಿಯ ಕಣ್ಣಿಗೆ ಅದು ಕಾಡಿಗೆಯಷ್ಟು ಕಪ್ಪಾಗಿತ್ತು. ಆದರೂ ಹೋಗಿ ಮೊಳೆ, ಬೀಗದ ಚೂರು, ತುಕ್ಕು ಹಿಡಿದ ತಂತಿ ಎಲ್ಲ ಸೇರಿಸಿ ಇನ್ನೊಂದು ಹಿಡಿ ಹಾಕಿದಳು. ಒಂದು ತಿಂಗಳಿಗೆ ಮತ್ತೆ, "ಸಾಲದು ಕಣೇ, ಬೆಳಕು ಬೀಳ್ತಿದೆ ಇದರೊಳಗೆ." ಮತ್ತೊಂದು ಹಿಡಿ. ಕುಂಚದ ನಾರು ವಾರಕ್ಕೆಲ್ಲ ಉದುರಿ ಬೀಳುತ್ತಿತ್ತು, ಮಡಕೆಯ ಮುಚ್ಚಳ ತೆಗೆದರೆ ಮೂಗು ಉರಿಯುತ್ತಿತ್ತು. ಮೆಲ್ಲಿ ಎಲ್ಲ ನೋಡಿದಳು. ದೊಡ್ಡಮ್ಮ ಲೋಟದ ಪಕ್ಕಕ್ಕೆ ನೀರು ಸುರಿದದ್ದು, ಹೊಸ್ತಿಲನ್ನು ಕಾಲಿನಿಂದ ಹುಡುಕಿದ್ದು, ಮಾವನ ಮುಖ ಬಿಟ್ಟು ಮಾವನ ಕಿವಿಯ ಜೊತೆ ಮಾತಾಡಿದ್ದು, ಎಲ್ಲವನ್ನೂ ಎಲ್ಲರಿಗಿಂತ ಮೊದಲೇ ನೋಡಿದಳು. ಕಪ್ಪು ಸರಿಯಾಗಿದೆ ದೊಡ್ಡಮ್ಮ, ಕಣ್ಣು ಸರಿಯಿಲ್ಲ ಎಂಬ ಮಾತು ದಿನಕ್ಕೆ ಹತ್ತು ಸಲ ಗಂಟಲಿನವರೆಗೆ ಬಂದು ಇಳಿದು ಹೋಯಿತು. ಆ ಮಾತು ಆಡುವುದಕ್ಕಿಂತ ಇನ್ನೊಂದು ಹಿಡಿ ಕಬ್ಬಿಣ ಹಾಕುವುದು ಸುಲಭವಾಗಿತ್ತು.

"ಹಿಂದುಗಡೆ ಏನಾದರೂ ಅಂಟಿಸಿ ನಿಲ್ಲಿಸೋಕಾಗಲ್ವಾ?" ಹಿತ್ತಲಿನಿಂದ ಬಂದ ಮಾವ ಬಾಗಿಲಲ್ಲೇ ನಿಂತು ಕೇಳಿದ.

"ಅಂಟು ಹಿಡಿದುಕೊಳ್ಳೋಕೆ ಬಟ್ಟೆ ಅಂತ ಇರಬೇಕಲ್ಲ. ಇದು ಒಳಗಿಂದ ತಿಂದುಹಾಕಿದೆ. ಇನ್ನೂ ತಿಂತಾ ಇದೆ." ಆಕೆ ಕೈಗವಸು ಕಳಚಿ ಮಡಿಸಿದಳು. "ಇವನ್ನ ಗಾಡಿಗೆ ಹಾಕಿದರೆ ಅಲ್ಲಿ ಇಳಿಸುವಾಗ ಬರೀ ಅಂಚು ಸಿಗುತ್ತೆ. ಕ್ಷಮಿಸಿ. ಮೂಲೆಯಲ್ಲಿ ಹಳೆಯವು ಎರಡು ಕಂಡೆ, ಬರೀ ಹಳದಿಯವು. ಅವು ಚೆನ್ನಾಗಿವೆ."

ಆ ಎರಡು ದೊಡ್ಡಮ್ಮ ಕೈ ಪಳಗಿಸಿಕೊಳ್ಳಲು ಮಾಡಿದ್ದವು. ಒಮ್ಮೆ ಮಳೆಗೆ ಒಲೆ ಹತ್ತದಿದ್ದಾಗ ಅವನ್ನೇ ಹರಿದು ಹಾಕು ಎಂದಿದ್ದಳು.

ಮಾವ ಸ್ವಲ್ಪ ಹೊತ್ತು ಕಾಗದದ ಮೇಲಿನ ಪುಡಿ ನೋಡಿದ. ಆಮೇಲೆ ದನಿ ತಗ್ಗಿಸಿ, "ಆ ಎರಡನ್ನೇ ತಗೊಂಡು ಹೋಗಿ. ಅಕ್ಕನಿಗೆ ನಾನು ಹೇಳ್ತೀನಿ. ನೀವು ಹೋಗಿಬರ್ತೀವಿ ಅನ್ನಿ, ಅಷ್ಟು ಸಾಕು" ಎಂದ.

ದುರಸ್ತಿಯಾಕೆ ಮೆಲ್ಲಿಯ ಕಡೆ ನೋಡಿದಳು. ಮೆಲ್ಲಿ ನೆಲ ನೋಡಿದಳು.

ಮಾವ ಮೊದಲ ಹಳದಿ ಸುರುಳಿಯನ್ನು ಹೆಗಲ ಮೇಲೆ ಹೊತ್ತು, ದೊಡ್ಡಮ್ಮನ ಕುರ್ಚಿಯ ಮುಂದೆಯೇ ಹಾದು, "ಒಂದು" ಎಂದು ಗಟ್ಟಿಯಾಗಿ ಕೂಗಿದ. ಎರಡನೆಯದಕ್ಕೆ "ಎರಡು". ಮೂರನೆಯ ಸಲ ಅವನ ಹೆಗಲ ಮೇಲೆ ಏನೂ ಇರಲಿಲ್ಲ. ಬರಿಗೈಯಲ್ಲೇ ಭಾರ ಹೊತ್ತವನ ಹಾಗೆ ಹೆಜ್ಜೆ ಊರಿ ನಡೆದು "ಮೂರು" ಎಂದ. ಗಾಡಿಯ ಚಾಲಕ ಬಾಗಿಲು ಹಿಡಿದು ಬಾಯಿ ಬಿಟ್ಟುಕೊಂಡು ನಿಂತಿದ್ದ. ಮಾವ ಒಂಬತ್ತರವರೆಗೂ ಎಣಿಸಿದ. ಏಳನೆಯದಕ್ಕೆ ಏದುಸಿರು ಕೂಡ ಬಿಟ್ಟ. ಅದು ನಟನೆಯೋ ಅಲ್ಲವೋ ಮೆಲ್ಲಿಗೆ ತಿಳಿಯಲಿಲ್ಲ.

"ಮಡಿಸಬೇಡಿ, ತಾಯಿ. ಸುತ್ತಿಯೇ ಇಡಿ" ಎಂದಳು ದೊಡ್ಡಮ್ಮ ದನಿ ಬಂದ ಕಡೆ ತಿರುಗಿ.

"ಇಲ್ಲಮ್ಮ. ಹೋಗಿಬರ್ತೀವಿ" ಎಂದು ಹೇಳಿ ದುರಸ್ತಿಯಾಕೆ ಬೇಗ ಬೇಗ ಮೆಟ್ಟಿಲಿಳಿದಳು.

ಗಾಡಿಯ ಸದ್ದು ಬೀದಿಯ ತಿರುವಿನಲ್ಲಿ ಕರಗಿತು. ಮಾವ ಹಿತ್ತಲಿಗೆ ಹೋದ. ಕೊಡತಿಯ ಸದ್ದು ಕೇಳಲಿಲ್ಲ. ದೊಡ್ಡಮ್ಮ ಕುರ್ಚಿಯಲ್ಲಿ ಹಿಂದಕ್ಕೊರಗಿ, ಎಷ್ಟೋ ವರ್ಷದಿಂದ ಹೊತ್ತದ್ದನ್ನು ಇಳಿಸಿದವಳ ಹಾಗೆ ಉಸಿರು ಬಿಟ್ಟಳು.

"ಬಾರೇ ಇಲ್ಲಿ. ಕೈ ಕೊಡು." ಮೆಲ್ಲಿಯ ಬೆರಳುಗಳನ್ನು ಒಂದೊಂದಾಗಿ ಸವರಿದಳು. ಉಗುರಿನ ಬುಡದಲ್ಲಿ ಹೋಗದೆ ಉಳಿದ ಕರೆ ಅವಳಿಗೆ ಕಾಣುವಂತಿರಲಿಲ್ಲ. "ನಾನು ಕುರುಡಿ ಆದದ್ದಕ್ಕೆ ನನಗೇನೂ ಇಲ್ಲ ಕಣೇ. ಒಂಬತ್ತು ಹೊರಗೆ ಉಳೀತಲ್ಲ. ನಾನು ನೋಡಿದ್ದು ಉಳೀತಲ್ಲ. ನಾಳೆಯಿಂದ ನೀನು ಹಿಡಿ ಕುಂಚ. ನಾನು ಕೂತು ಹೇಳ್ತೀನಿ, ನೀನು ಎಳಿ. ಮೊದಲು ಕಪ್ಪು ಹದ ಮಾಡು. ಕೊನೇ ಚಿತ್ರಕ್ಕೆ ಮಾಡಿದ್ಯಲ್ಲ, ಅದೇ ಕಪ್ಪು. ಅದರಂಥ ಕಪ್ಪು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ."

ಗಂಟಲಿನವರೆಗೆ ಬಂದದ್ದು ಈ ಸಲ ಇಳಿಯಲಿಲ್ಲ. ಬಾಯಿ ಮುಚ್ಚಿದ್ದರಿಂದ ಆದದ್ದೇ ಸಾಕು ಎಂದುಕೊಂಡಳೋ, ಅಥವಾ ಆ ಕೈಯ ಬಿಸಿ ತಾಳಲಾಗಲಿಲ್ಲವೋ, ಮೆಲ್ಲಿ ಹೇಳಿಬಿಟ್ಟಳು. ಪುಡಿ, ಬಿಳಿ ಕಾಗದ, ಏಳು ಹಿಡಿ, ಮಾವನ ಬರಿಗೈ ಎಲ್ಲ. ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಆ ಮನೆಯಲ್ಲಿ ಅದೇ ಮೊದಲು.

ದೊಡ್ಡಮ್ಮ ಕೈ ಬಿಡಲಿಲ್ಲ. ಬೈಯಲೂ ಇಲ್ಲ. ದಾರಿ ಕೇಳುವವಳ ಹಾಗೆ, ನಿಜಕ್ಕೂ ತಿಳಿಯಬೇಕೆನ್ನುವ ಹಾಗೆ ಕೇಳಿದಳು.

"ನನಗೆ ಕಾಣ್ತಿರಲಿಲ್ಲ. ನಿನಗೆ ಕಾಣ್ತಿತ್ತಲ್ಲೇ?"

ಮೆಲ್ಲಿ ಕೈ ಬಿಡಿಸಿಕೊಳ್ಳದೆ ಕುರ್ಚಿಯ ಬಳಿ ನೆಲದ ಮೇಲೆ ಕೂತಳು.

"ಎಲ್ಲಿವೆ ಅವು?"

"ಒಳಗೆ, ಮೇಜಿನ ಮೇಲೆ."

"ನಡಿ. ಒಂದೊಂದಾಗಿ ಹಿಡಿದು ಏನು ಉಳಿದಿದೆ ಹೇಳು. ಇರೋದನ್ನ ಹೇಳು."

ಒಳಗಿನ ಕೋಣೆಯಲ್ಲಿ ಸ್ಟೂಲಿನ ಮೇಲೆ ಅವಳನ್ನು ಕೂರಿಸಿ, ಮೆಲ್ಲಿ ಮೊದಲನೆಯ ಸುರುಳಿಯ ಮೇಲಂಚನ್ನು ಹಿಡಿದು ಎತ್ತಿದಳು. "ಎಡಗಡೆ ಹಳದಿ ಇದೆ ದೊಡ್ಡಮ್ಮ, ನನ್ನ ಮೊಣಕೈಯಷ್ಟು ಉದ್ದ. ಅದರ ಕೆಳಗೆ ಕೆಂಪು. ನಡುವೆ... ನಡುವೆ ಏನೂ ಇಲ್ಲ, ಆಚೆ ಗೋಡೆ ಕಾಣುತ್ತೆ." ದೊಡ್ಡಮ್ಮ ತಲೆಯಾಡಿಸಿದಳು. ಎರಡನೆಯದರಲ್ಲಿ ಕಪ್ಪು ಜಾಲರಿಯ ಹಾಗೆ ನಿಂತಿತ್ತು. ಅದನ್ನು ಹೇಳಿ ಮುಗಿಸುವಷ್ಟರಲ್ಲಿ ಜಾಲರಿಯೂ ಕಳಚಿತು, ಅದನ್ನೂ ಹೇಳಿದಳು. ಮೂರು, ನಾಲ್ಕು, ಐದು. ಹೇಳುವುದಕ್ಕೆ ಇದ್ದದ್ದು ಕಡಿಮೆಯಾಗುತ್ತಾ ಬಂತು. ಎಂಟನೆಯದಕ್ಕೆ "ಅಂಚು" ಎಂಬ ಒಂದೇ ಮಾತು. ದೊಡ್ಡಮ್ಮನ ಬೆನ್ನು ಪ್ರತಿ ಸಲ ಒಂದೊಂದು ಬೆರಳಿನಷ್ಟು ಬಾಗುತ್ತಿತ್ತು. ಅವಳ ತುಟಿ ಒಣಗಿ ಬಿಳಿಚಿಕೊಂಡಿತ್ತು.

ಒಂಬತ್ತನೆಯದು ಎಲ್ಲಕ್ಕಿಂತ ದೊಡ್ಡದು, ಹೆಚ್ಚು ಕಪ್ಪಿನದು. ಕಣ್ಣಿನ ಕೊನೆಯ ಬೆಳಕಿನಲ್ಲಿ ಮಾಡಿದ್ದು. ಎತ್ತುತ್ತಿದ್ದಂತೆಯೇ ಮಧ್ಯದ ತುಂಡು ಸದ್ದಿಲ್ಲದೆ ಕುಸಿದು ಮೆಲ್ಲಿಯ ಪಾದದ ಮೇಲೆ ಸುರಿಯಿತು.

"ಹೇಳೇ."

"ಇದು ಹಾಗೇ ಇದೆ" ಎಂದಳು ಮೆಲ್ಲಿ.

"ಹಾಗೇ ಅಂದ್ರೆ?"

"ಪೂರ್ತಿ ಇದೆ. ಕಪ್ಪು ಎಲ್ಲೂ ಹರಿದಿಲ್ಲ."

ದೊಡ್ಡಮ್ಮನ ಬಲಗೈ ಮೊಣಕಾಲಿನಿಂದ ಎದ್ದು ಗಾಳಿಯಲ್ಲಿ ಚಿತ್ರದ ಕಡೆಗೆ ಬಂತು. ಒಂದು ಗೇಣು ದೂರದಲ್ಲಿ ಕೈ ನಿಂತಿತು.

"ಹಾಗಾದ್ರೆ ನಾನು ಮುಟ್ಟೋದು ಬೇಡ" ಎಂದು ದೊಡ್ಡಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಇನ್ನೊಂದು ಕೈಯಿಂದ ಅದನ್ನು ಮಡಿಲಲ್ಲಿ ಒತ್ತಿ ಹಿಡಿದಳು. "ನೀನು ಹಿಡಕೊಂಡಿರು. ನಾನು ಸ್ವಲ್ಪ ಹೊತ್ತು ನೋಡ್ತೀನಿ."

ಅವಳ ಮುಖ ನೆಟ್ಟಗೆ ಬಟ್ಟೆಯ ಕಡೆಗಿತ್ತು, ಬಟ್ಟೆ ಇಲ್ಲದ ಕಡೆಗೆ. ಮೆಲ್ಲಿಯ ತೋಳು ಸೋಲತೊಡಗಿತು. ಕೆಳಗಿಳಿಸಿದರೆ ಉಳಿದ ಅಂಚೂ ಮುರಿಯುತ್ತದೆ, ಆ ಸದ್ದು ಕೇಳುತ್ತದೆ. ಅವಳು ಹಲ್ಲು ಕಚ್ಚಿ ಕೈ ಎತ್ತಿಯೇ ನಿಂತಳು. ತೋಳು ನಡುಗಿದಾಗಲೆಲ್ಲ ಇನ್ನಷ್ಟು ಪುಡಿ ಉದುರಿತು.