ಹೋದ ಹೆಜ್ಜೆ, ಬಂದ ಹೆಜ್ಜೆ

ನಾನು ಹುಟ್ಟಿನಿಂದಲೇ ಕುತೂಹಲದ ಮನುಷ್ಯ. ಪಕ್ಕದ ಮನೆಯಲ್ಲಿ ಒಗ್ಗರಣೆ ಸಿಡಿದರೆ ಇವತ್ತು ಅವರಿಗೆ ಬಸಳೆಯೋ ಹುರುಳಿಯೋ ಎಂದು ತಿಳಿಯದೆ ನನಗೆ ಊಟ ಸೇರುವುದಿಲ್ಲ. ಇಂಥವನಿಗೆ ದೇವರು ಕೊಟ್ಟ ಕೆಲಸ ನೋಡಿ: ಅಬುಧಾಬಿಯ ಮರಳುಗಾಡಿನ ಊರಾದ ಲಿವಾದಿಂದಲೂ ಆಚೆ, ಡಾಂಬರು ರಸ್ತೆ ಮುಗಿಯುವಲ್ಲಿರುವ ಒಂದು ರೆಸಾರ್ಟಿನಲ್ಲಿ, ಮರಳಿನ ಮೇಲೆ ಬಿದ್ದ ಜನರ ಹೆಜ್ಜೆ ಅಳಿಸುವುದು.

ಹೌದು, ಹಾಗೊಂದು ಕೆಲಸವಿದೆ. ಮುಲ್ಕಿಯಲ್ಲಿ ಹೇಳಿದರೆ ನಗುತ್ತಾರೆಂದು ಮನೆಯವರಿಗೆ 'ಗಾರ್ಡನ್ ಸೆಕ್ಷನ್' ಎಂದು ಹೇಳಿದ್ದೇನೆ. ದುಬೈಯಿಂದ, ಅಬುಧಾಬಿಯಿಂದ ಗಂಟೆಗಟ್ಟಲೆ ಕಾರು ಓಡಿಸಿಕೊಂಡು ಬರುವ ಗೆಸ್ಟುಗಳು ಬೆಳಿಗ್ಗೆ ಪರದೆ ಸರಿಸಿದಾಗ, ಎದುರಿನ ಮರಳುದಿಬ್ಬ ಯಾರೂ ಮುಟ್ಟದ ಹಾಗೆ ಕಾಣಬೇಕು. ಹಿಂದಿನ ಸಂಜೆ ಅದೇ ದಿಬ್ಬದ ಮೇಲೆ ನಲವತ್ತು ಜನ ಸೆಲ್ಫಿ ತೆಗೆದುಕೊಂಡಿರುತ್ತಾರೆ, ಮಕ್ಕಳು ಮೇಲಿಂದ ಕೆಳಗೆ ಉರುಳಿರುತ್ತಾರೆ. ಅದೊಂದೂ ಉಳಿಯಬಾರದು. ಹಾಗಾಗಿ ನಾವು ಮೂವರು ಐದು ಗಂಟೆಗೆ ಮೊದಲೇ ಎದ್ದು, ಗದ್ದೆಯಲ್ಲಿ ಎಳೆಯುವಂಥ ಅಗಲವಾದ ಮರದ ಹಲುಬೆಗೆ ಗೋಣಿ ಕಟ್ಟಿ, ದಿಬ್ಬದ ನೆತ್ತಿಯಿಂದ ಹಿಂದೆ ಹಿಂದೆ ನಡೆಯುತ್ತಾ ಎಳೆಯುತ್ತೇವೆ. ಹಿಂದೆ ನಡೆಯುವುದು ಯಾಕೆಂದರೆ ನಮ್ಮ ಹೆಜ್ಜೆಯೂ ಅಳಿಸಿಹೋಗಬೇಕು. ಆರು ವರ್ಷದಿಂದ ಈ ದಿಬ್ಬದ ಮೇಲೆ ದಿನಾ ನಡೆದಿದ್ದೇನೆ, ನನ್ನದೊಂದು ಹೆಜ್ಜೆಯೂ ಅಲ್ಲಿಲ್ಲ.

ಅಳಿಸುವ ಮುಂಚೆ ಓದುವುದು ನನ್ನ ಚಟ. ಮರಳುಗಾಡಿನಲ್ಲಿ ಪೇಪರ್ ಬರುವುದಿಲ್ಲ, ಹೆಜ್ಜೆಯೇ ನನ್ನ ಪೇಪರ್. ಹೊಸದಾಗಿ ಮದುವೆಯಾದವರ ಹೆಜ್ಜೆ ಒಂದಕ್ಕೊಂದು ಅಡ್ಡ ಬರುತ್ತದೆ. ಮದುವೆಯಾಗಿ ಹತ್ತು ವರ್ಷ ಆದವರದು ಒಂದರ ಹಿಂದೆ ಒಂದು, ನಡುವೆ ಮೂರು ಮಾರು ದೂರ. ನರಿಯದು ದಾರ ಪೋಣಿಸಿದ ಹಾಗೆ ನೇರ. ಇಷ್ಟು ಗೊತ್ತಾದ ಮೇಲೆ ಬಾಯಿ ಸುಮ್ಮನಿರಬೇಕಲ್ಲ, ಇರಲಿಲ್ಲ. ಒಂದು ಬೆಳಿಗ್ಗೆ ತಿಂಡಿಗೆ ಬಂದ ಗೆಸ್ಟೊಬ್ಬರಿಗೆ, "ಸಾರ್, ರಾತ್ರಿ ಒಬ್ಬರೇ ಹೊರಗೆ ಕೂತಿದ್ದಿರಲ್ಲ, ಮೇಡಂ ಜೊತೆ ಏನಾದ್ರೂ ಬೇಜಾರಾ?" ಎಂದು ಹಿಂದಿಯಲ್ಲಿ ಕೇಳಿಬಿಟ್ಟೆ. ಕನಿಕರದಿಂದಲೇ ಕೇಳಿದ್ದು. ಮೇಡಂ ಹಿಂದೆಯೇ ನಿಂತಿದ್ದರು. ಮಧ್ಯಾಹ್ನದೊಳಗೆ ನನ್ನ ಕೈಗೆ ವಾರ್ನಿಂಗ್ ಲೆಟರ್ ಬಂತು. ಇನ್ನೊಂದು ಬಂದರೆ ವೀಸಾ ಕ್ಯಾನ್ಸಲ್, ಊರಿನ ಟಿಕೆಟ್ ಎಂದು ಮ್ಯಾನೇಜರ್ ಸ್ಪಷ್ಟವಾಗಿ ಹೇಳಿದರು.

ನಮ್ಮ ಸೂಪರ್‌ವೈಸರ್ ಮುಹಿಯುದ್ದೀನ್, ಹಿರಿಯರಾದ್ದರಿಂದ ನಮ್ಮ ಬಾಯಲ್ಲಿ ಮುಹಿಯುದ್ದೀನಾಕ, ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸ್ಲಿಮರು, ಹತ್ತೊಂಬತ್ತು ವರ್ಷದಿಂದ ಈ ಮರಳಿನಲ್ಲೇ ಇರುವವರು. ಅವರು ಆ ಲೆಟರ್ ಓದಿ ಮಡಚಿ ನನ್ನ ಕಿಸೆಗೆ ತುರುಕಿದರು.

"ಕೆಲಸ ಇಲ್ಲದ ಆಚಾರಿ ಮಗನ ಕುಂಡೆ ಕೆತ್ತಿದ ಅಂತೆ. ನಿಂಗೆ ಎಂತಕ್ಕೆ ಮಾರಾಯ ಅವ್ರ ಹೆಜ್ಜೆ? ನೋಡ್ಲೇಬೇಡ. ಎಳೆ, ಖಲಾಸ್."

ಅವರ ಮಾತಿಗೆ ಬೆಲೆ ಕೊಟ್ಟು ನಾನು ನೋಡುವುದನ್ನು ಬಿಡಲು ಕಲಿಯುತ್ತಿದ್ದೆ. ಆಗ ಬಂದವರು ಶಾರದಮ್ಮ.

ಮೇ ತಿಂಗಳ ಶುಕ್ರವಾರ ಸಂಜೆ. ಸೆಕೆಗೆ ಹೊರದೇಶದ ಗೆಸ್ಟುಗಳು ಬರುವುದಿಲ್ಲ, ರೇಟು ಇಳಿಯುತ್ತದೆ, ಇಲ್ಲೇ ಕೆಲಸ ಮಾಡುವ ಸಂಸಾರಗಳು ಬರುತ್ತವೆ. ಏಳು ಗಂಟೆಗೆ ಹನ್ನೊಂದನೇ ವಿಲ್ಲಾದ ಫೈರ್ ಅಲಾರಂ ಹೊಡೆದುಕೊಂಡಿತು. ಓಡಿಹೋದ ಮುಹಿಯುದ್ದೀನಾಕ ನಗುತ್ತಾ ವಾಪಸು ಬಂದರು.

"ಬೆಂಕಿ ಎಂತದೂ ಇಲ್ಲ. ನಿಮ್ಮ ಕನ್ನಡದವ್ರೇ. ಮೈಸೂರಿನ ಅಜ್ಜಿ, ಶಾರದಮ್ಮ ಅಂತ, ಆಂಜನೇಯನಿಗೆ ಊದುಬತ್ತಿ ಹಚ್ಚಿದ್ದಾರೆ. ಮಗ ರುವೈಸ್‌ನ ಎಣ್ಣೆ ಕಂಪೆನಿಯಲ್ಲಿ ಇಂಜಿನಿಯರ್ ಅಂತೆ, ಪಾಪ, ಸಾರಿ ಹೇಳಿ ಹೇಳಿ ಸುಸ್ತಾಗಿದ್ದಾನೆ."

ಕನ್ನಡದವರು ಎಂದ ಕೂಡಲೇ ಹೋಗಿ ಮಾತಾಡಿಸುವ ಆಸೆ ನನಗೆ ಎಷ್ಟಾಯಿತೆಂದರೆ, ಅದನ್ನು ತಡೆಯಲು ಕಿಸೆಯಲ್ಲಿದ್ದ ಲೆಟರ್ ಮುಟ್ಟಿ ನೋಡಿಕೊಂಡು ರೂಮಿಗೆ ಹೋಗಿ ಮಲಗಿದೆ.

ಮರುದಿನ ಶನಿವಾರ. ಐದೂಕಾಲಿಗೆ ನಾನು ಹನ್ನೊಂದನೇ ವಿಲ್ಲಾದ ಎದುರಿನ ದಿಬ್ಬಕ್ಕೆ ಬಂದೆ. ಬೆಳಕು ಇನ್ನೂ ಸರಿಯಾಗಿ ಬಿಟ್ಟಿರಲಿಲ್ಲ. ವಿಲ್ಲಾದ ಮೆಟ್ಟಿಲಿನಿಂದ ಹೊಸ ಹೆಜ್ಜೆಯ ಸಾಲೊಂದು ಹೊರಟಿತ್ತು. ಬರಿಗಾಲು, ಸಣ್ಣ ಪಾದ, ಹಿಮ್ಮಡಿ ಆಳವಾಗಿ ಒತ್ತಿದೆ, ಬಲಗಾಲು ಸ್ವಲ್ಪ ಹೊರಗೆ ವಾಲಿದೆ. ಮಂಡಿನೋವಿನ ವಯಸ್ಸಾದ ಹೆಂಗಸು. ಆದರೆ ಗೆಸ್ಟುಗಳು ಹೋಗುವ ಹಾಗೆ ಅದು ಸೂರ್ಯೋದಯ ನೋಡುವ ಪೂರ್ವದ ದಿಬ್ಬಕ್ಕೆ ಹೋಗಿರಲಿಲ್ಲ. ಉತ್ತರಕ್ಕೆ ತಿರುಗಿ, ದಾರಿಯಲ್ಲಿ ಸಿಕ್ಕಿದ ಒಂದೊಂದು ಪೊದೆಯ ಹತ್ತಿರವೂ ನಿಂತಿತ್ತು. ನಿಂತಲ್ಲೆಲ್ಲ ಬೆರಳುಗಳು ಮಾತ್ರ ಆಳ, ಬಗ್ಗಿ ನೋಡಿದ ಹಾಗೆ. ಏನು ಹುಡುಕುತ್ತಿದ್ದರು? ಓಲೆ ಬಿದ್ದಿತೇ? ಇಷ್ಟು ಬೇಗ, ಚಪ್ಪಲಿಯೂ ಇಲ್ಲದೆ?

ಸಾಲು ದಿಬ್ಬದ ನೆತ್ತಿ ದಾಟಿ ಆಚೆಗೆ ಇಳಿದಿತ್ತು. ಒಂಟೆ ಸವಾರಿಯವರು ಆ ಕಡೆಯಿಂದ ಬರುವುದರಿಂದ ಆಚೆ ಬದಿಯನ್ನೂ ನಾವೇ ಎಳೆಯಬೇಕು, ಗಡಿಯ ಗೂಟಗಳವರೆಗೆ. ನಮ್ಮ ಫೈಲಿನಲ್ಲಿ ಒಂದು ನಿಯಮವಿದೆ: ಗೂಟ ದಾಟಿ ಹೋದ ಹೆಜ್ಜೆ ಕಂಡರೆ ಸೆಕ್ಯುರಿಟಿಗೆ ಹೇಳಿಯೇ ಅಳಿಸಬೇಕು. ಇದು ದಾಟಿತ್ತು. ವಾಪಸು ಬಂದಿರಲಿಲ್ಲ. ವಾಕಿಟಾಕಿಗೆ ಕೈ ಹೋಯಿತು. ಹೇಳಿದರೆ, 'ಮತ್ತೆ ಹೆಜ್ಜೆ ನೋಡಿದೆಯಾ?' ಎಂದು ಕೇಳುತ್ತಾರೆ. ಅಜ್ಜಿ ವಾಕಿಂಗ್ ಹೋಗಿರಬೇಕು, ಬರುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡು, ಗೂಟದಿಂದ ನೆತ್ತಿಗೆ, ನೆತ್ತಿಯಿಂದ ಮೆಟ್ಟಿಲಿಗೆ, ಚೆನ್ನಾಗಿ ನುಣ್ಣಗೆ ಎಳೆದುಬಿಟ್ಟೆ. ಜೀವನದಲ್ಲಿ ಮೊದಲ ಸಲ ಕುತೂಹಲ ನುಂಗಿಕೊಂಡದ್ದು ಅವತ್ತು. ಅವತ್ತೇ ನುಂಗಬಾರದಿತ್ತು.

ಏಳೂವರೆಗೆ ಗಲಾಟೆ ಶುರುವಾಯಿತು. ಹನ್ನೊಂದನೇ ವಿಲ್ಲಾದ ಅಜ್ಜಿ ಇಲ್ಲ. ಫೋನು ಚಾರ್ಜಿಗೆ ಹಾಕಿದ್ದು ಹಾಗೇ ಇದೆ, ಚಪ್ಪಲಿ ಬಾಗಿಲಲ್ಲೇ ಇದೆ. ಸೆಕ್ಯುರಿಟಿಯವರ ಎರಡು ಜೀಪು ಪೂರ್ವದ ದಿಬ್ಬಕ್ಕೆ ಓಡಿದವು. ಎಲ್ಲರೂ ಹೋಗುವುದು ಅಲ್ಲಿಗೇ ತಾನೇ! ಗಾಳಿ ಬೇರೆ ಎದ್ದಿತ್ತು, ಗೂಟದ ಆಚೆ ಉಳಿದಿದ್ದ ಹೆಜ್ಜೆಯೂ ಮುಚ್ಚಿಹೋಗಿರುತ್ತದೆ. ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ಹತ್ತು ಗಂಟೆಯ ನಂತರ ಈ ಮರಳಿನಲ್ಲಿ ಹರೆಯದವನೂ ನಿಲ್ಲಲಾರ. ಅಜ್ಜಿಗೆ ಎಪ್ಪತ್ತೊಂದು.

ಆ ಹೆಜ್ಜೆ ಎತ್ತ ಹೋಯಿತೆಂದು ಭೂಮಿಯ ಮೇಲೆ ಗೊತ್ತಿದ್ದವನು ನಾನೊಬ್ಬನೇ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಹಾಗೆ, 'ಉತ್ತರಕ್ಕೂ ಒಂದು ಜೀಪು ಕಳಿಸಿ ನೋಡಿ' ಎಂದಷ್ಟೇ ಹೇಳೋಣವೇ ಎಂದು ಯೋಚಿಸಿದೆ. ಅಷ್ಟಕ್ಕೆ ಯಾರು ಕಿವಿಗೊಡುತ್ತಾರೆ? ಮುಹಿಯುದ್ದೀನಾಕನ ತೋಳು ಹಿಡಿದು ಎಲ್ಲವನ್ನೂ ಹೇಳಿದೆ.

ಅವರು ಬೈಯಲಿಲ್ಲ. ಉತ್ತರದ ಕಡೆ ತಿರುಗಿ ನೋಡಿದರು. "ಯಾ ರಬ್ಬೇ. ಉತ್ತರಕ್ಕೆ ಅಂದ್ರೆ ಎಲ್ಲಿಗೆ? ಅಲ್ಲಿ ಇಡೀ ಮರಳು ಮಾರಾಯ. ಎಂತ ಹುಡುಕ್ತಾ ಇದ್ರು ಅಂತ ಗೊತ್ತಾದ್ರೆ ಆಗ್ತಿತ್ತು."

ಅದನ್ನೇ ಕೇಳಲು ವಿಲ್ಲಾಕ್ಕೆ ಓಡಿದೆವು. ಮಗ ನಂದನ್ ಫೋನ್ ಹಿಡಿದುಕೊಂಡು ಒಳಗೂ ಹೊರಗೂ ನಡೆಯುತ್ತಿದ್ದರು. ಮಂಚದ ಪಕ್ಕದ ಮೇಜಿನ ಮೇಲೆ ಹೆಬ್ಬೆರಳಿನಷ್ಟು ದೊಡ್ಡ ಬೆಳ್ಳಿಯ ಆಂಜನೇಯ. ಕುಂಕುಮ ಇತ್ತು, ಹಣ್ಣು ಇತ್ತು, ಹೂವಿರಲಿಲ್ಲ. ಮೂಲೆಯಲ್ಲಿ ಹೋಟೆಲಿನವರು ಹೂದಾನಿ ತುಂಬ ಗುಲಾಬಿ ಇಟ್ಟಿದ್ದರು.

"ಸಾರ್, ಅಮ್ಮ ಊರಲ್ಲಿ ಬೆಳಿಗ್ಗೆ ಹೂ ಕೊಯ್ಲಿಕ್ಕೆ ಹೋಗ್ತಾರಾ?" ಎಂದೆ.

"ದಿನಾ. ಇಡೀ ರಸ್ತೆ ಕಾಂಪೌಂಡ್‌ಗಳಲ್ಲಿ ಇವರದ್ದೇ ಕೈ. ಬೈದ್ರೂ ಕೇಳಲ್ಲ. ಆದ್ರೆ ಇಲ್ಲಿ ಹೂ ಇದೆಯಲ್ಲಾ, ಅಷ್ಟೊಂದು ರೋಸ್?"

"ನೀರಲ್ಲಿ ನಿಂತು ಹಳತಾದ ಹೂವನ್ನ ದೇವರಿಗೆ ಇಡ್ತಾರಾ ಸಾರ್?"

ಮಂಚದ ತುದಿಯಲ್ಲಿ ಮೊಮ್ಮಗಳು ನಿಸರ್ಗ ಕೂತಿದ್ದಳು, ಎಂಟು ವರ್ಷದವಳು. ಯಾರೂ ಅವಳನ್ನು ಏನೂ ಕೇಳಿರಲಿಲ್ಲ. "ಅಜ್ಜಿ ವಾಂಟೆಡ್ ದಟ್ ಪ್ಲಾಂಟ್," ಎಂದಳು. "ಕಾರಿಂದ ನೋಡಿದ್ರು. ಶಿ ಸೆಡ್ ಎಕ್ಕ, ಎಕ್ಕ. ಪಪ್ಪಾ ಡಿಡ್ನಾಟ್ ಸ್ಟಾಪ್."

ನಂದನ್ ಫೋನ್ ಕೆಳಗಿಟ್ಟರು.

ಎಕ್ಕ! ಶನಿವಾರ, ಆಂಜನೇಯ, ಎಕ್ಕದ ಹಾರ. ಇಷ್ಟು ಹೊಳೆಯದ ನನ್ನ ತಲೆಗೆ ಏನೆನ್ನಬೇಕು. ನಮ್ಮಲ್ಲಿ ಗದ್ದೆ ಬದಿಯಲ್ಲಿ ಬೆಳೆಯುವ ಅದೇ ಎಕ್ಕ ಈ ಮರಳಿನಲ್ಲೂ ಬೆಳೆಯುತ್ತದೆ, ಒಂಟೆ ಕೂಡ ಬಾಯಿ ಹಾಕುವುದಿಲ್ಲವಾದ್ದರಿಂದ ಒಂಟೆ ಕಟ್ಟಿದ ಕಡೆ ಅದೊಂದೇ ಉಳಿಯುತ್ತದೆ. ರಸ್ತೆಯಿಂದ ದೂರದಲ್ಲಿ ಕಾಣುವ ಹಾಗೆ, ಉತ್ತರಕ್ಕೆ ಒಂದು ಕಿಲೋಮೀಟರಿನಲ್ಲಿ, ಯಾರೋ ಬಿಟ್ಟುಹೋದ ಹಳೆಯ ಒಂಟೆ ದೊಡ್ಡಿಯಿದೆ. ದೊಡ್ಡಿಯ ತುಂಬ ಆಳೆತ್ತರದ ಎಕ್ಕ. ಅದನ್ನು ನಾನು ಮೊದಲ ವರ್ಷವೇ ನೋಡಿಟ್ಟಿದ್ದೆ, ಸುಮ್ಮನೆ, ಕುತೂಹಲಕ್ಕೆ.

ಮುಹಿಯುದ್ದೀನಾಕ ಪಿಕಪ್ ಓಡಿಸಿದ ರೀತಿಗೆ ನಾನು ಎರಡು ಸಲ ತಲೆ ಜಜ್ಜಿಕೊಂಡೆ. ನಂದನ್ ನಮ್ಮಿಬ್ಬರ ನಡುವೆ ಕೂತು ಬಾಯಲ್ಲಿ ಏನೋ ಗುನುಗುತ್ತಿದ್ದರು.

ಅಜ್ಜಿ ಅಲ್ಲೇ ಇದ್ದರು. ದೊಡ್ಡಿಯ ಮುರಿದ ತಗಡಿನ ನೆರಳಿನಲ್ಲಿ ಸೆರಗನ್ನು ತಲೆಯ ಮೇಲೆ ಹೊದ್ದು, ಕಾಲು ಮಡಚಿ ಕೂತಿದ್ದರು. ತುಟಿ ಒಣಗಿ ಬಿರಿದಿತ್ತು, ಅಂಗಾಲು ಕೆಂಪಗೆ ಬೊಕ್ಕೆ ಎದ್ದಿತ್ತು. ಮಡಿಲ ತುಂಬ ಎಕ್ಕದ ಹೂ. ನಂದನ್ ಓಡಿಹೋಗಿ ತಾಯಿಯ ಕಾಲು ಹಿಡಿದುಕೊಂಡು ಮಗುವಿನ ಹಾಗೆ ಅತ್ತರು. ಮುಹಿಯುದ್ದೀನಾಕ ನೀರಿನ ಬಾಟಲಿ ತೆರೆದು, ಗುಟುಕು ಗುಟುಕಾಗಿ ಕುಡಿಸಿದರು.

"ನೀವು ದಾರಿ ತಪ್ಪಿದ್ದು ಎಲ್ಲಿ ಅಮ್ಮ?" ಎಂದರು.

"ದಾರಿ ತಪ್ಪಿಲ್ಲ ಕಣಪ್ಪಾ. ಬರುವಾಗ ಹೆಜ್ಜೆ ನೋಡ್ಕೊಂಡೇ ಬಂದೆ, ವಾಪಸ್ಸು ಅದನ್ನೇ ಹಿಡ್ಕೊಂಡು ಹೋಗೋದು ಅಂತ. ಹೂ ಕಿತ್ಕೊಂಡು ಹೋದೆ. ಗೂಟಗಳ ಹತ್ರ ಹೋದ್ರೆ ಹೆಜ್ಜೆನೇ ಇಲ್ಲ! ಎದುರಿಗೆ ದಿಬ್ಬ ನುಣ್ಣಗೆ, ಹಿಟ್ಟು ಜರಡಿ ಹಿಡಿದ ಹಾಗಿದೆ. ಅಲ್ಲಿ ಯಾರೂ ನಡೆದೇ ಇಲ್ಲ. ಅಂದ್ಮೇಲೆ ನಾನು ಬಂದಿದ್ದು ಅಲ್ಲಿಂದ ಅಲ್ಲ ಅಂತ ಹೆದರಿಕೆಯಾಗಿ, ಉಳಿದ ಹೆಜ್ಜೆ ಹಿಡ್ಕೊಂಡು ಇಲ್ಲಿಗೇ ಬಂದು ಕೂತೆ. ಗೊತ್ತಿರೋದು ಇದೊಂದೇ ಜಾಗ ತಾನೆ?"

ಆ ದಿಬ್ಬದ ಬೆನ್ನಿಗೇ ಅವರ ವಿಲ್ಲಾ ಇತ್ತು. ಇನ್ನೂರು ಹೆಜ್ಜೆ ನಡೆದಿದ್ದರೆ ಹಾಸಿಗೆ. ಅಲ್ಲಿಂದ ಅವರನ್ನು ಬಿಸಿಲಿಗೆ ತಿರುಗಿಸಿ ಕಳಿಸಿದ್ದು ನನ್ನ ಹಲುಬೆ. ಮುಹಿಯುದ್ದೀನಾಕ ನನ್ನನ್ನು ನೋಡಿ ಸಣ್ಣಗೆ ತಲೆ ಅಲ್ಲಾಡಿಸಿದರು, ಹೇಳಬೇಡ ಎಂಬಂತೆ. ಮಾಡಿದ್ದುಣ್ಣೋ ಮಹಾರಾಯ ಎಂದು ನನಗೆ ನಾನೇ ಹೇಳಿಕೊಂಡೆ.

"ಅಮ್ಮ, ಅದನ್ನ ಅಳಿಸಿದ್ದು ನಾನು. ನಿಮ್ಮ ಹೆಜ್ಜೆ ನೋಡಿದೆ, ವಾಪಸ್ ಬರ್ಲಿಲ್ಲ ಅಂತಲೂ ಗೊತ್ತಿತ್ತು. ಆದ್ರೂ ಅಳಿಸಿದೆ. ಅದೇ ನನ್ನ ಕೆಲಸ."

ನಂದನ್ ಎದ್ದು ನಿಂತರು. ಹೊಡೆಯುತ್ತಾರೆ ಎಂದುಕೊಂಡೆ, ಹೊಡೆದರೂ ತಪ್ಪಿರಲಿಲ್ಲ. ಅಜ್ಜಿ ಮಗನ ಕೈ ಹಿಡಿದು ಕೂರಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ದಿನಾ ಮರಳುಗಾಡು ಗುಡಿಸ್ತೀಯಾ?"

"ಹೌದಮ್ಮ."

"ಯಾಕೆ?"

"ಯಾರೂ ನಡೆದೇ ಇಲ್ಲ ಅಂತ ಕಾಣ್ಬೇಕು. ಗೆಸ್ಟಿಗೆ ಅದು ಇಷ್ಟ."

"ಯಾರೂ ನಡೀದೇ ಇರೋ ಕಡೆ ಹೋಗೋಕೆ ಯಾರಿಗಪ್ಪಾ ಧೈರ್ಯ ಬರುತ್ತೆ?" ಎಂದರು ಅಜ್ಜಿ. ಕೋಪವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳುವ ಆಸೆಯಿತ್ತು.

ಡಾಕ್ಟರು ನೋಡಿ, ಕಾಲಿಗೆ ಮುಲಾಮು ಹಚ್ಚಿ, ಗಾಬರಿಯಿಲ್ಲ ಎಂದರು. ಮಧ್ಯಾಹ್ನ ಮ್ಯಾನೇಜರ್ ಎರಡನೇ ಲೆಟರ್ ಟೈಪು ಮಾಡಿಸಿ ಕರೆದರು. ನಾನು ಪೆನ್ನು ತೆಗೆಯುವ ಮೊದಲೇ ಮುಹಿಯುದ್ದೀನಾಕ ಆ ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. "ನೋಡ್ಬೇಡ ಅಂತ ಇವನಿಗೆ ಹೇಳಿದ್ದು ನಾನು," ಎಂದರು ತಮ್ಮ ಮುರುಕು ಇಂಗ್ಲಿಷಿನಲ್ಲಿ. "ನನ್ನ ಹೆಸರು ಹಾಕಿ. ಹತ್ತೊಂಬತ್ತು ವರ್ಷಕ್ಕೆ ನಂದು ಇದು ಮೊದಲ್ನೇದು." ಮ್ಯಾನೇಜರ್ ಕಾಗದ ವಾಪಸು ತೆಗೆದುಕೊಂಡು, ಹೆಸರು ಬದಲಾಯಿಸಿದರು. ಹೊರಗೆ ಬಂದ ಮೇಲೆ ನನಗೆ ಕಣ್ಣೀರು ತಡೆಯಲಿಲ್ಲ. "ಸಾಕು ಮಾರಾಯ," ಎಂದರು ಅವರು, "ನಾಳೆಯಿಂದ ನೋಡು. ನೋಡಿ ನಂಗೆ ಮಾತ್ರ ಹೇಳು. ಗೆಸ್ಟಿಗಲ್ಲ."

ಭಾನುವಾರ ಬೆಳಿಗ್ಗೆ ಐದೂಕಾಲಿಗೆ ನಾನು ಹಲುಬೆ ಹಿಡಿದು ಬರುವಾಗ ಅಜ್ಜಿ ಮೆಟ್ಟಿಲ ಮೇಲೆ ಕೂತಿದ್ದರು. ಕಾಲಿಗೆ ಬ್ಯಾಂಡೇಜು, ಅದರ ಮೇಲೆ ಮೊಮ್ಮಗಳ ಸಾಕ್ಸು, ಅದರ ಮೇಲೆ ಹೋಟೆಲಿನ ಬಿಳಿ ಚಪ್ಪಲಿ. ಪಕ್ಕದಲ್ಲಿ ನಿದ್ದೆಗಣ್ಣಿನ ನಂದನ್.

"ನಮ್ಮ ಕ್ವಾರ್ಟರ್ಸ್ ಹಿಂದೆ, ನೀರಿನ ಟ್ಯಾಂಕ್ ಹತ್ರ ಒಂದು ಎಕ್ಕ ಉಂಟು ಅಮ್ಮ. ದೊಡ್ಡಿಗೆ ಹೋಗ್ಬೇಕು ಅಂತಿಲ್ಲ," ಎಂದೆ.

"ನಡಿ ಮತ್ತೆ. ಇವತ್ತು ಭಾನುವಾರ, ಸೂರ್ಯನಿಗೂ ಎಕ್ಕ ಆಗುತ್ತೆ. ನಿನ್ನೆ ಸುಟ್ಟಿದ್ದಕ್ಕೆ ಇವತ್ತು ಹೂ ಕೊಡೋಣ."

ದಿಬ್ಬದ ಬುಡದ ಮೇಲೆಯೇ ಹಾದು ಹೋದೆವು, ನಿಧಾನವಾಗಿ. ಒಂದು ಕೈ ಮಗನ ಹೆಗಲ ಮೇಲೆ, ಇನ್ನೊಂದು ನನ್ನ ತೋಳಿನ ಮೇಲೆ. ಟ್ಯಾಂಕಿನ ಹತ್ತಿರ ಅವರು ಮೂರು ಗೊಂಚಲು ಕಿತ್ತು, ನಾಲ್ಕನೆಯದನ್ನು ಗಿಡಕ್ಕೇ ಬಿಟ್ಟರು. ಬಂದ ದಾರಿಯಲ್ಲೇ ವಾಪಸು ಬಂದು, ಮೆಟ್ಟಿಲು ಹತ್ತಿ, ತಿರುಗಿ ನಿಂತು ಮರಳನ್ನು ನೋಡಿದರು. ಮೂವರ ಹೆಜ್ಜೆ, ಹೋದದ್ದು ಮೂರು ಸಾಲು, ಬಂದದ್ದು ಮೂರು ಸಾಲು. ಆರು ವರ್ಷದಲ್ಲಿ ಮೊದಲ ಸಲ ನನ್ನ ಹೆಜ್ಜೆ ನನಗೆ ಕಂಡಿತು. ನನ್ನ ಎಡಗಾಲೂ ಸ್ವಲ್ಪ ಹೊರಗೆ ವಾಲುತ್ತದೆ, ಗೊತ್ತೇ ಇರಲಿಲ್ಲ.

ಹಲುಬೆ ಎತ್ತಲು ನನಗೆ ಮನಸ್ಸು ಬರಲಿಲ್ಲ. ಅಜ್ಜಿ ಅದನ್ನು ನೋಡಿದರು.

"ಯಾಕಪ್ಪಾ ನಿಂತೆ? ಅಳಿಸು," ಎಂದರು. "ನಾವು ಬಂದಾಯ್ತಲ್ಲ."